ದೊಡ್ಡಯ್ಯನಿಗೆ ನಾನು ಹೇಳಿದ ಕೊನೆ

ಈಗಿನ ಲ್ಯಾಪ್‌ಟಾಪುಗಳಿಗೆ ಬಾಯಿಲ್ಲ, ಗಮನಿಸಿದ್ದೀರಾ? ಕಳೆದ ವಾರ ಕಾಲೇಜಿನಲ್ಲಿ ನನ್ನ ಬೀರು ಖಾಲಿ ಮಾಡುವಾಗ ಹಳೆಯ ಡಿವಿಡಿಯೊಂದು ಕೈಗೆ ಸಿಕ್ಕಿತು. ಹಾಕಿ ನೋಡೋಣವೆಂದರೆ ಇಡೀ ವಿಭಾಗದಲ್ಲಿ ಅದನ್ನು ನುಂಗುವ ಯಂತ್ರ ಒಂದೂ ಇಲ್ಲ. ಹೊಸದಾಗಿ ಸೇರಿದ ಹುಡುಗಿ, "ಎಸೆದುಬಿಡಿ ಮೇಡಂ, ಎಲ್ಲ ಫೋನಿನಲ್ಲೇ ಸಿಗುತ್ತೆ" ಎಂದು ತಮಿಳಿನಲ್ಲಿ ಬುದ್ಧಿ ಹೇಳಿದಳು. ನಿವೃತ್ತಿಗೆ ಎರಡು ತಿಂಗಳಿರುವವಳಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಆದರೆ ನನಗೆ ಎಸೆಯಲಾಗಲಿಲ್ಲ. ಕೈಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ.

ಅದೊಂದು ಜಪಾನಿ ಸಿನಿಮಾ. ಇಂಗ್ಲಿಷಿನ ಹಳೆಯ ದುರಂತ ನಾಟಕವೊಂದನ್ನು ತಮ್ಮ ಕೋಟೆ ಕುದುರೆಗಳ ಕಾಲಕ್ಕೆ ಒಯ್ದು ತೆಗೆದದ್ದು. ವಯಸ್ಸಾದ ದೊರೆ, ಮೂವರು ಗಂಡುಮಕ್ಕಳು; ಮೂಲ ನಾಟಕದಲ್ಲಿ ಅವರು ಹೆಣ್ಣುಮಕ್ಕಳು. ದೊಡ್ಡವರಿಬ್ಬರು ತುಂಬಿದ ಸಭೆಯಲ್ಲಿ ಅಪ್ಪನ ಕಿವಿಗೆ ಜೇನು ಸುರಿಯುತ್ತಾರೆ. ಕಿರಿಯವನು ಇದ್ದದ್ದು ಇದ್ದ ಹಾಗೆ ಹೇಳಿ ಊರು ಬಿಡುತ್ತಾನೆ. ಮೂಲ ನಾಟಕವನ್ನು ದಿಂಡಿಗಲ್ಲಿನ ಮಕ್ಕಳಿಗೆ ಪಾಠ ಮಾಡುವುದು ನನ್ನ ಹೊಟ್ಟೆಪಾಡು. ಆ ಮುದುಕ ರಾಜನನ್ನು ವರ್ಷಕ್ಕೊಮ್ಮೆ ತಪ್ಪದೆ ಸಾಯಿಸಿ ಸಂಬಳ ತೆಗೆದುಕೊಂಡಿದ್ದೇನೆ. ಒಂದೇ ಒಂದು ಸಲ ಮಾತ್ರ ಅವನನ್ನು ಬದುಕಿಸಿದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ದೊಡ್ಡಯ್ಯ ನನ್ನ ತಂದೆಯ ಅಣ್ಣ. ನಮ್ಮೂರು ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ಚಪ್ಪರದ ಕೆಳಗೇ ಅವರ ಆಯುಷ್ಯ ಕಳೆಯಿತು. ಆರಡಿ ಆಳು, ಚಪ್ಪರದಡಿ ಬಗ್ಗಿ ನಡೆದೂ ನಡೆದೂ ಬಯಲಿನಲ್ಲೂ ಬಗ್ಗಿಯೇ ನಡೆಯುತ್ತಿದ್ದರು. ನಮ್ಮದು ಮನೆಯೊಳಗಿನ ಕನ್ನಡ. ಯಾವ ಕಾಲದಲ್ಲಿ ಯಾವ ದಾರಿಯಲ್ಲಿ ತಮಿಳು ಸೀಮೆಯ ಈ ಕಣಿವೆಗೆ ಬಂದೆವೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ನಾನು ಮೈಸೂರಿನಲ್ಲಿ ಎಂ.ಎ. ಓದುವಾಗ ಕಲಿತದ್ದು. ಊರಿಗೆ ಬಂದು ಪತ್ರಿಕೆಯ ಕನ್ನಡದಲ್ಲಿ ಮಾತಾಡಿದರೆ ದೊಡ್ಡಯ್ಯ, "ಇವ್ಳು ರೇಡಿಯೋ ನುಂಗ್ಬುಟ್ಟವ್ಳೆ" ಎಂದು ನಗುತ್ತಿದ್ದರು.

ದೇವರ ದನಗಳ ದೊಡ್ಡಿಯಲ್ಲಿ ಅವರ ಮಾತಿಗೆ ಬೆಲೆಯಿತ್ತು. ನಮ್ಮವರು ದೇವರ ಹೆಸರಿನಲ್ಲಿ ಒಂದು ಮಂದೆ ಸಾಕುತ್ತಾರೆ. ಅದಕ್ಕೊಂದು ರಾಜ, ಪಟ್ಟದ ಆವು ಎನ್ನುತ್ತಾರೆ. ಹೋರಿಯಾದರೂ ನಮ್ಮ ಬಾಯಲ್ಲಿ ಅದು ಆವೇ. ಅದು ಸತ್ತರೆ ಮಂದೆಯನ್ನೆಲ್ಲ ಸೇರಿಸಿ, ಕರ್ಪೂರ ಹಚ್ಚಿ, ಮುಂದೆ ಒಂದು ಹೊರೆ ಕಬ್ಬು ಹಾಕಿ ದೂರ ನಿಲ್ಲುತ್ತಾರೆ. ಯಾವ ಹೋರಿ ತಾನಾಗಿ ಬಂದು ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಚಿಕ್ಕವಳಿದ್ದಾಗ ಒಮ್ಮೆ ನೋಡಿದ್ದೇನೆ. ಅರ್ಧ ದಿನ ಬಿಸಿಲಲ್ಲಿ ನಿಂತೆವು. ಎಳೆ ಹೋರಿಯೊಂದು ಕಬ್ಬಿನವರೆಗೂ ಬಂದು ಮುಖ ತಿರುಗಿಸಿತು. ತಡೆಯಲಾರದೆ ಯಾರೋ ಅದನ್ನು ಕರೆಯಲು ಬಾಯಲ್ಲಿ ಲೊಚಗುಟ್ಟಿದರು. ದೊಡ್ಡಯ್ಯ ಗದರಿಬಿಟ್ಟರು: "ಸುಮ್ಕಿರ್ರೋ! ಕೂಗಿ ತಂದದ್ದು ಪಟ್ಟಕ್ಕಾಗ್ದು!"

ಅವರಿಗೆ ಮೂವರು ಹೆಣ್ಣುಮಕ್ಕಳು. ಕಿರಿಯವಳು ರಂಗಕ್ಕ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ನಮ್ಮಲ್ಲಿ ಸೋದರತ್ತೆಯ ಮಗನಿಗೆ ಹೆಣ್ಣಿನ ಮೇಲೆ ಮೊದಲ ಹಕ್ಕು. ವೀಳ್ಯ ಬದಲಿಸುವ ಮುಂಚೆ ಅಪ್ಪ ನೆಂಟರೆಲ್ಲರ ಎದುರು, "ಸಮ್ಮತನಾ ಮಗಾ?" ಎಂದು ಕೇಳಬೇಕು, ಮಗಳು ತಲೆಯಾಡಿಸಬೇಕು. ಕೇಳುವುದೇನಿದ್ದರೂ ಶಾಸ್ತ್ರಕ್ಕೆ. ಅಕ್ಕಂದಿರಿಬ್ಬರೂ ತಲೆಯಾಡಿಸಿದ್ದರು. ರಂಗಕ್ಕ ತಲೆಯೆತ್ತಿ, "ಇಲ್ಲಪ್ಪಾ. ನೀವ್ ಕೇಳಿದ್ರಿ, ಅದ್ಕೇ ಹೇಳ್ದೆ" ಎಂದಳು.

ದೊಡ್ಡಯ್ಯನ ಮುಖ ಕಪ್ಪಿಟ್ಟಿತು. "ನನ್ ಹೊಸ್ಲು ತುಳೀಬ್ಯಾಡ" ಎಂದರು. ಅವಳು ತುಳಿಯಲಿಲ್ಲ. ಅಮ್ಮನ ತವರಿಗೆ ಹೋಗಿ, ಅಲ್ಲಿಂದಲೇ ಒಡ್ಡನ್‌ಛತ್ರದಲ್ಲಿ ತರಕಾರಿ ಮಂಡಿ ಇಟ್ಟಿದ್ದ ಒಬ್ಬರನ್ನು ಮದುವೆಯಾದಳು. ಅವಳು ಮನೆ ಬಿಟ್ಟ ದಿನ ಸಂಜೆ ದೊಡ್ಡಯ್ಯ ನನ್ನನ್ನು ಕರೆದು, "ನಾ ಮಾಡಿದ್ದು ಸರಿ ತಾನೇ ತಾಯಿ?" ಎಂದಾಗ ನಾನು "ಸರಿ ದೊಡ್ಡಯ್ಯಾ" ಎಂದೆ. ಅವರಿಗೆ ಹಿತವಾದದ್ದನ್ನು ಹೇಳುವುದು ನನಗೆ ಆಗಲೇ ಅಭ್ಯಾಸವಾಗಿತ್ತು.

ಹನ್ನೊಂದು ವರ್ಷ ಕಳೆದ ಮೇಲೆ ದೊಡ್ಡಯ್ಯ ಕಣ್ಣಿನ ಪೊರೆ ತೆಗೆಸಿಕೊಂಡು ದಿಂಡಿಗಲ್ಲಿನ ನಮ್ಮ ಮನೆಯಲ್ಲಿ ಉಳಿದರು. ಒಂದು ಕಣ್ಣಿಗೆ ಕಟ್ಟು. ಬಗ್ಗಬಾರದು, ಕೆಮ್ಮಬಾರದು, ಮುಖ್ಯವಾಗಿ ಅಳಬಾರದು ಎಂದು ನರ್ಸಮ್ಮ ನನಗೆ ಒತ್ತಿ ಒತ್ತಿ ಹೇಳಿದ್ದರು. ನಾನು ನಕ್ಕಿದ್ದೆ. ದೊಡ್ಡಯ್ಯ ಅತ್ತದ್ದನ್ನು ಕಂಡವರು ಯಾರು?

ಒಂದು ಮಧ್ಯಾಹ್ನ ಪಾಠದ ತಯಾರಿಗೆಂದು ಈ ಸಿನಿಮಾ ಹಾಕಿದೆ. ಅವರೂ ಬಂದು ಕುರ್ಚಿ ಎಳೆದುಕೊಂಡರು. ಕೆಳಗೆ ಬರುವ ಇಂಗ್ಲಿಷನ್ನು ನಾನು ನಮ್ಮ ಮನೆಮಾತಿಗೆ ತಿರುಗಿಸುತ್ತಾ ಹೋದೆ. "ಇವ್ರೂ ನಮ್ಮಂಗೇ ನೆಲದ್ ಮ್ಯಾಲೆ ಕೂತ್ಕೊಂಡೇ ಪಂಚಾಯ್ತಿ ಮಾಡ್ತಾರಲ್ಲಾ" ಎಂದು ಅವರಿಗೆ ಖುಷಿ. ಸಭೆಯ ದೃಶ್ಯ ಬಂತು.

"ಚಿಕ್ಕೋನು ಏನಂದ?"

"ನೀವ್ ಮಾಡ್ತಿರೋದು ತಪ್ಪು ಅಂದ."

"ಎಲ್ರ ಮುಂದೆಯಾ?"

"ಹೂಂ."

ಅವರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ದೊಡ್ಡ ಮಕ್ಕಳಿಬ್ಬರ ಕೋಟೆ ಬಾಗಿಲುಗಳು ಮುಚ್ಚಿ, ಬುದ್ಧಿ ಕೆಟ್ಟ ದೊರೆ ಗಾಳಿಯಲ್ಲಿ ಹುಲ್ಲುಗಾವಲು ಅಲೆಯುವಾಗ, "ಪಡ ನಿಲ್ಸು" ಎಂದರು. ಸಿನಿಮಾ ನಿಲ್ಲಿಸಿದೆ.

"ಒಡ್ಡನ್‌ಛತ್ರಕ್ಕೆ ಬೆಳಗಾನ ಮೊದಲ್ ಬಸ್ಸು ಎಷ್ಟೊತ್ತಿಗೆ?"

"ಕಟ್ಟು ಬಿಚ್ಚಿದ್ ಮ್ಯಾಲೆ ಹೋಗೋಣ ದೊಡ್ಡಯ್ಯಾ" ಎಂದೆ.

"ಬಿಚ್ಚೋಗಂಟ ಯಾಕೆ? ನಾಳೀಕೇ ಹೋಗೋಣ. ನಾನೇ ಹೋಗ್ಬೇಕು. ತಪ್ಪು ನಂದಲ್ವಾ? ಸರಿ, ಹಾಕು."

ಹಾಕಿದೆ. ಕಿರಿಯ ಮಗ ಅಪ್ಪನನ್ನು ಹುಡುಕಿಕೊಂಡು ಬಂದ. ಅಪ್ಪ ಗುರುತು ಹಿಡಿದ, ಕ್ಷಮೆ ಕೇಳಿದ. ಇಬ್ಬರೂ ಒಂದೇ ಕುದುರೆಯ ಮೇಲೆ ಮಾತಾಡುತ್ತಾ ಹೊರಟರು. ದೊಡ್ಡಯ್ಯನ ಕಟ್ಟಿಲ್ಲದ ಕಣ್ಣು ತುಂಬಿ ಬಂದಿತ್ತು. ಇನ್ನೊಂದು ಗಳಿಗೆಯಲ್ಲಿ ಎಲ್ಲಿಂದಲೋ ಗುಂಡು ಬಂದು ಮಗ ಸಾಯುತ್ತಾನೆ, ಅವನ ಮೇಲೆ ಬಿದ್ದು ಅಪ್ಪನೂ ಸಾಯುತ್ತಾನೆ. ನನಗೆ ನರ್ಸಮ್ಮನ ಮಾತು ನೆನಪಾಯಿತು. ಗುಂಡಿ ಒತ್ತಿ ಆರಿಸಿಬಿಟ್ಟೆ.

"ಮುಗೀತಾ?"

"ಮುಗೀತು. ಇಬ್ರೂ ಊರಿಗ್ ಹೋದ್ರು."

"ಚಿಕ್ಕೋನು ತಾನೇ ಬಂದ್ನಾ? ಯಾರೂ ಕರೀದೆ?"

"ತಾನೇ ಬಂದ."

ದೊಡ್ಡಯ್ಯ ಬಹಳ ಹೊತ್ತು ತಲೆಯಾಡಿಸಿದರು. ಮುಖ ತಿಳಿಯಾಗಿತ್ತು. "ಹಂಗಾರೆ ಅವ್ಳೂ ಬತ್ತಾಳೆ. ಕೂಗಿ ತರಬಾರ್ದು. ತಾನಾಗಿ ಬರ್ಬೇಕು" ಎಂದರು.

ಮತ್ತೆ ಬಸ್ಸಿನ ಮಾತು ಬರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಕಟ್ಟು ಕಟ್ಟಿದ ಮುದುಕರನ್ನು ಬಸ್ಸು ಹತ್ತಿಸುವ ತಾಪತ್ರಯ ತಪ್ಪಿತಲ್ಲ! ಕಣ್ಣು ಬಲು ಚೆನ್ನಾಗಿ ಕೂಡಿತು. ಡಾಕ್ಟರು ನನ್ನ ಆರೈಕೆಯನ್ನು ಹೊಗಳಿದರು. ಊರಿಗೆ ಹೋದ ಮೇಲೆ ದೊಡ್ಡಯ್ಯ ದಿನಾ ಬೀದಿ ಕಾಣುವ ಹಾಗೆ ಜಗುಲಿಯಲ್ಲಿ ಕೂರುತ್ತಿದ್ದರಂತೆ. ಮುಂದಿನ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಎದೆನೋವು ಬಂದು ಹೋಗಿಬಿಟ್ಟರು. ಸುದ್ದಿ ಕೇಳಿ ರಂಗಕ್ಕ ಬಂದಳು. ಹೊಸ್ತಿಲು ದಾಟುವ ಮುಂಚೆ ಒಂದು ಕ್ಷಣ ನಿಂತಳು, ತಡೆಯುವವರಿಗಾಗಿ ಕಾಯುವ ಹಾಗೆ. ಯಾರೂ ತಡೆಯಲಿಲ್ಲ.

ಆ ಇಂಗ್ಲಿಷ್ ನಾಟಕದ ಕೊನೆಯನ್ನು ನೋಡಲಾರದೆ, ಇಂಗ್ಲೆಂಡಿನಲ್ಲೇ ಬಹುಕಾಲ ಅಪ್ಪನನ್ನೂ ಕಿರಿಯ ಮಗಳನ್ನೂ ಬದುಕಿಸಿ ಆಡುತ್ತಿದ್ದರು. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಕೊಂಚ ಸಮಾಧಾನ: ನನಗಿಂತ ಮುಂಚೆ ಎಷ್ಟು ಜನ ಈ ಕೆಲಸ ಮಾಡಿದ್ದಾರೆ! ಆದರೆ ಅವರ ನೋಡುಗರಲ್ಲಿ ಯಾರಾದರೂ ಹತ್ತಬೇಕಾದ ಬಸ್ಸು ಬಿಟ್ಟರೋ ಇಲ್ಲವೋ ಪುಸ್ತಕಗಳಲ್ಲಿ ಬರೆದಿಲ್ಲ.

ಡಿವಿಡಿ ಸಿಕ್ಕಿದ ವಾರದ ಭಾನುವಾರ ಒಡ್ಡನ್‌ಛತ್ರಕ್ಕೆ ಹೋದೆ. ರಂಗಕ್ಕ ಮನೆಯ ಮುಂದೆ ನುಗ್ಗೆಕಾಯಿ ಕಟ್ಟು ಕಟ್ಟುತ್ತಾ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಪಕ್ಕದಲ್ಲಿ ಕೂತು ಹೇಳಿದೆ, ನಾನು ಸಿನಿಮಾ ಕೊನೆಗೆ ಮುಂಚೆಯೇ ನಿಲ್ಲಿಸಿದ್ದು, ಸುಳ್ಳು ಹೇಳಿದ್ದು, ಎಲ್ಲ. ಬಸ್ಸಿನ ಮಾತೊಂದನ್ನು ಮಾತ್ರ ಬಿಟ್ಟೆ. ಅವಳು ಕೈ ನಿಲ್ಲಿಸದೆ ಕೇಳಿದಳು.

"ನೀ ನೆಜಾ ಹೇಳಿದ್ರೂ ಅವ್ರು ಬತ್ತಿರ್ನಿಲ್ಲ ಬುಡು" ಎಂದಳು. "ನಮ್ಮಪ್ಪನ್ ಕ್ವಾಪ ನನಗ್ ತಿಳೀದಾ? ಅದ್ಕೆ ನೀ ಯಾಕೆ ಕೊರಗ್ತೀಯೆ? ಕಾಪಿ ಕುಡಿ."

ಎಷ್ಟು ಬೇಗ ಹೇಳಿದಳು! ನಾನು ಅವತ್ತು "ಊರಿಗ್ ಹೋದ್ರು" ಎಂದದ್ದೂ ಇಷ್ಟೇ ಬೇಗ. ಆ ಮಾತನ್ನು ನಂಬಿ ಕಾಫಿ ಕುಡಿದು ಬಸ್ಸು ಹತ್ತಬಹುದಿತ್ತು. ಇಷ್ಟು ವರ್ಷ ನನಗೆ ಬೇಕಾಗಿದ್ದದ್ದೂ ಅದೇ.

"ಬತ್ತಿದ್ರು ಅಕ್ಕಾ" ಎಂದೆ. "ಮೊದಲ್ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ್ರು. ನಾನೇ ಹೋಗ್ಬೇಕು, ತಪ್ಪು ನಂದು ಅಂದ್ರು."

ರಂಗಕ್ಕನ ಕೈ ನಿಂತಿತು. ಅರ್ಧ ಕಟ್ಟಿದ ನುಗ್ಗೆಕಾಯಿ ಮಡಿಲಿಂದ ಜಾರಿ ನೆಲದ ಮೇಲೆ ಹರಡಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಇನ್ನೊಂದ್ ಕಿತ ಹೇಳು" ಎಂದಳು.

ಅವರು ಹೇಳಿದ ಹಾಗೆಯೇ ಇನ್ನೊಂದು ಸಲ ಹೇಳಿದೆ.