ಹಿಂದಿನ ಸೀಟಿನ ಭಾರ

ಆ ಗಲ್ಲಿಯಲ್ಲಿ ಅವನನ್ನು ಎಲ್ಲರೂ ‘ದವಡೆ’ ಎಂದೇ ಕರೆಯುತ್ತಿದ್ದರು. ಹೆಸರು ಕಸುಬಿನಿಂದ ಬಂದದ್ದು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂದೆ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕೂತು ಅವನು ಬೊಚ್ಚು ಬಾಯಿಯವರಿಗೆ ಹಲ್ಲಿನ ಸೆಟ್ಟು ಮಾಡುತ್ತಿದ್ದ. ಪ್ಲಾಸ್ಟರಿನ ಅಚ್ಚಿನ ಮೇಲೆ ಮೇಣದ ವಸಡು ಕೂರಿಸಿ, ಒಂದೊಂದೇ ಹಲ್ಲನ್ನು ನಿಲ್ಲಿಸಿ, ಕೊನೆಗೆ ತಿರುಗುವ ಬಟ್ಟೆಚಕ್ರಕ್ಕೆ ಹಿಡಿದು ಹೊಳಪು ಕೊಡುವುದು ಅವನ ಕೆಲಸ. ಊರಿನ ಅರ್ಧ ಮುದುಕರು ಅವನು ಮಾಡಿದ ಹಲ್ಲಿನಲ್ಲೇ ಅಗಿಯುತ್ತಿದ್ದರೂ ಅವನ ಮುಖ ಕಂಡವರು ಕಡಿಮೆ. ಮಾತು ಅದಕ್ಕಿಂತ ಕಡಿಮೆ.

“ಇವರ ದವಡೆ ಊರಿಗೆಲ್ಲಾ ದುಡಿಯುತ್ತೆ, ಮನೇಲಿ ಮಾತ್ರ ರಜ ಹಾಕುತ್ತೆ” ಎಂದು ಹೆಂಡತಿ ನಗುತ್ತಿದ್ದಳು. ಅವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ದಿನವಿಡೀ ಎಡಗಿವಿಗೆ ಫೋನು, ಬಾಯಿಗೆ ಬಿಡುವಿಲ್ಲದ ಮಾತು. ಮನೆಗೆ ಬಂದ ಮೇಲೂ ಇಬ್ಬರ ಪಾಲಿನ ಮಾತನ್ನು ಅವಳೊಬ್ಬಳೇ ಆಡುತ್ತಿದ್ದಳು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಮೊದಮೊದಲು ಮಾತಾಡಿದರು, ಆಮೇಲೆ ಬಿಟ್ಟರು.

ಬೈಕು ಕೊಳ್ಳುವ ಆಸೆ ಅವನದಾದರೂ ಕೊಳ್ಳುವ ಧೈರ್ಯ ಅವಳದು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಶೋರೂಮೊಂದಿತ್ತು. ಗಾಜಿನ ಹಿಂದೆ ಕಡುನೀಲಿ ಬಣ್ಣದ ಒಂದು ಸ್ಪೋರ್ಟ್ ಟೂರಿಂಗ್ ಬೈಕು ನಿಂತಿರುತ್ತಿತ್ತು. ಅವನು ದಿನವೂ ಅಲ್ಲಿ ಒಂದು ಗಳಿಗೆ ನಿಲ್ಲುವುದನ್ನು ಅವಳು ಹೇಗೋ ಕಂಡುಹಿಡಿದಳು.

“ನೋಡಿ ನೋಡಿ ಗಾಜು ಸವೆದೋಗುತ್ತೆ. ಬನ್ನಿ ಒಳಗೆ” ಎಂದು ಕೈಹಿಡಿದು ಎಳೆದುಕೊಂಡೇ ಹೋದಳು.

“ಇದು ಬರೀ ವೇಗದ ಗಾಡಿ ಅಲ್ಲ ಸಾರ್, ಬರೀ ದೂರದ ಗಾಡೀನೂ ಅಲ್ಲ. ಎರಡೂ ಒಂದರಲ್ಲೇ. ಮುಂದಿನವರಿಗೆ ಓಟ, ಹಿಂದಿನವರಿಗೆ ಆರಾಮ” ಎಂದ ಅಂಗಡಿಯವನು. ಅವಳು ಯಾರನ್ನೂ ಕೇಳದೆ ಹಿಂದಿನ ಸೀಟು ಹತ್ತಿ ಕೂತಳು. ಎರಡೂ ಕಡೆ ಹಿಡಿಕೆ, ಅಗಲ ಕೂರುವ ಜಾಗ, ಕಾಲಿಡಲು ಹದವಾದ ಎತ್ತರ. “ನಮ್ಮನೆ ಸೋಫಾಗಿಂತ ಚೆನ್ನಾಗಿದೆ ರೀ. ಇದು ನಂದು. ಮುಂದಿನ ಅರ್ಧ ಬೇಕಾದ್ರೆ ನೀವಿಟ್ಕೊಳ್ಳಿ” ಎಂದಳು. ಆ ಮಾತಿಗೆ ಅಂಗಡಿಯವನೂ ನಕ್ಕ, ಅವನೂ ನಕ್ಕ. ವ್ಯವಹಾರ ಮುಗಿಯಿತು.

ಆಮೇಲಿನ ವರ್ಷಗಳಲ್ಲಿ ಇಬ್ಬರೂ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಿರುಗಿದರು. ಭಾನುವಾರ ಬೆಳಗಾದರೆ ಅವನು ನೆಲಮಾಳಿಗೆಯಲ್ಲಿ ಚೈನಿಗೆ ಎಣ್ಣೆ ಬಿಟ್ಟು, ಟಯರಿನ ಗಾಳಿ ನೋಡಿ, ಬ್ರೇಕು ಒತ್ತಿ ಪರೀಕ್ಷಿಸುತ್ತಿದ್ದ. ಅವಳು ಪಕ್ಕದ ಪೆಟ್ಟಿಗೆಗಳಿಗೆ ತಿಂಡಿ, ನೀರು, ಮಳೆಯ ಅಂಗಿ ತುಂಬುತ್ತಿದ್ದಳು. ಓಡುವಾಗ ಮಾತು ಕೇಳಿಸದಾದ್ದರಿಂದ ಅವನ ಬೆನ್ನೇ ಅವಳ ಟೆಲಿಫೋನ್ ಸ್ವಿಚ್‌ಬೋರ್ಡು. ಒಮ್ಮೆ ತಟ್ಟಿದರೆ ನಿಧಾನ ಎಂದರ್ಥ, ಎರಡು ಸಲ ತಟ್ಟಿದರೆ ಕಾಫಿಗೆ ನಿಲ್ಲಿಸಿ ಎಂದು. ಸುಮ್ಮನೆ ಅಂಗೈ ಇಟ್ಟರೆ ಏನೂ ಇಲ್ಲ, ನಾನಿದ್ದೇನೆ ಎಂದು. ಮಾತಿಲ್ಲದೆ ಮಾತಾಡುವ ಆ ಬಗೆ ಅವನಂಥವನಿಗೆ ಹೇಳಿ ಮಾಡಿಸಿದಂತಿತ್ತು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಬಚ್ಚಲಿನ ಗೋಡೆ ಹಿಡಿದು ಕುಸಿದಳು. ಮನೆಯೆಲ್ಲ ಬುಗುರಿಯಂತೆ ತಿರುಗುತ್ತಿದೆ, ಎಡಗಿವಿಯಲ್ಲಿ ಯಾರೋ ಪ್ರೆಶರ್ ಕುಕ್ಕರ್ ಇಟ್ಟಿದ್ದಾರೆ ಎಂದಳು. ಒಳಗಿವಿಯ ಕಾಯಿಲೆ ಎಂದರು ಡಾಕ್ಟರು. ಜೀವಕ್ಕೆ ಅಪಾಯವಿಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ, ಯಾವಾಗ ಬರುತ್ತದೆಂದು ಹೇಳಲೂ ಬರುವುದಿಲ್ಲ. ಉಪ್ಪು ಬಿಡಬೇಕು. ಎತ್ತರ ಹತ್ತಬಾರದು. ಬೈಕಿನ ಮಾತಂತೂ ಎತ್ತಲೇಬಾರದು.

ಎಡಗಿವಿ ಮಂದವಾಗಿ ಅವಳ ನೌಕರಿ ಹೋಯಿತು. ಅಡುಗೆಮನೆಯಿಂದ ಉಪ್ಪಿನ ಡಬ್ಬಿಯೂ ಹೋಯಿತು. ಅವಳ ಜೊತೆಗೆ ಅವನೂ ಸಪ್ಪೆ ಊಟಕ್ಕೆ ಕೂತ. ಪರದೆ ಎಳೆದ ಕೋಣೆಯಲ್ಲಿ ಅವಳು ಸೋಫಾದ ಮೂಲೆ ಹಿಡಿದಳು. ಇಬ್ಬರ ಪಾಲಿನ ಮಾತಾಡುತ್ತಿದ್ದವಳು ಸುಮ್ಮನಾದ ಮೇಲೆ ಆ ಮನೆಯಲ್ಲಿ ಮಾತೆಂಬುದೇ ಉಳಿಯಲಿಲ್ಲ.

“ನಂಗೋಸ್ಕರ ನೀವ್ಯಾಕೆ ಕೂರ್ಬೇಕು? ಹೋಗಿ ಬನ್ನಿ” ಎಂದು ಅವಳೇ ಒಂದು ಭಾನುವಾರ ಅವನನ್ನು ಕಳಿಸಿದಳು. ಹೋದ. ಬೈಕು ಕುದುರೆಯಂತೆ ನೆಗೆಯುತ್ತಿತ್ತು. ಸಣ್ಣ ಹಳ್ಳ ಸಿಕ್ಕರೂ ಹಿಂಭಾಗ ಪುಟಿದು ಅವನನ್ನು ಸೀಟಿನಿಂದ ಎತ್ತಿ ಒಗೆಯುತ್ತಿತ್ತು. ಮೆಕ್ಯಾನಿಕ್ಕಿನ ಹತ್ತಿರ ತೆಗೆದುಕೊಂಡು ಹೋದ. ಬೈಕು ಹೊಸತಾಗಿದ್ದಾಗಿನಿಂದ ಅದನ್ನು ನೋಡಿಕೊಂಡವನು, ಬಾಯಲ್ಲಿ ಸದಾ ಬೆಂಕಿಕಡ್ಡಿ ಕಚ್ಚಿಕೊಂಡಿರುವ ಆಳು.

“ಗಾಡೀದೇನೂ ತಪ್ಪಿಲ್ಲ ಸಾರ್. ಹಿಂದಿನ ಸ್ಪ್ರಿಂಗು ಇಬ್ಬರ ಭಾರಕ್ಕೆ ಬಿಗಿ ಮಾಡಿದೀವಿ. ನೀವೀಗ ಒಬ್ರೇ ಓಡಿಸ್ತಿದೀರ. ಈ ತಿರುಪು ಸ್ವಲ್ಪ ಸಡಿಲ ಮಾಡಿದ್ರೆ ಸರಿಹೋಗುತ್ತೆ. ಮಾಡ್ಲಾ?”

“ಬೇಡ” ಎಂದ ದವಡೆ. “ಅದು ಹಂಗೇ ಇರ್ಲಿ.”

ಮೆಕ್ಯಾನಿಕ್ ಅವನ ಮುಖ ನೋಡಿ ಸ್ಪ್ಯಾನರ್ ಕೆಳಗಿಟ್ಟ.

ಆ ತಿರುಪೊಂದನ್ನು ಬಿಟ್ಟು ಬೈಕಿನಲ್ಲಿ ಅವನು ಬದಲಿಸದೆ ಉಳಿಸಿದ್ದು ಏನೂ ಇಲ್ಲ. ಗಾಳಿ ತಡೆಯುವ ಎತ್ತರದ ಗಾಜು ಬಂತು. ಚಳಿಗೆ ಬಿಸಿಯಾಗುವ ಹಿಡಿಕೆ ಬಂತು. ಮಂಜಿನ ದೀಪ, ಹೊಸ ಬ್ರೇಕ್ ಪೈಪು, ಮೆತ್ತನೆಯ ಸೀಟು ಬಂದವು. ಸಂಜೆ ಕೆಲಸದಿಂದ ಬಂದವನು ಅರ್ಧ ಲೋಟ ಕಾಫಿ ಕುಡಿದು ನೆಲಮಾಳಿಗೆಗೆ ಇಳಿದರೆ ಊಟದ ಹೊತ್ತಿಗೇ ಮೇಲೆ ಬರುತ್ತಿದ್ದ. ಕೆಳಗೆ ಅವನು ಬೋಲ್ಟು ಬಿಚ್ಚುತ್ತಿದ್ದರೆ ಮೇಲೆ ಅವಳು ಸೋಫಾದಲ್ಲಿ ಕೂತಿರುತ್ತಿದ್ದಳು. ನಡುವೆ ಒಂದೇ ಒಂದು ಮೆಟ್ಟಿಲ ಸಾಲು.

ಕೊನೆಗೆ ಅವನು ಹೊಸ ಸೈಲೆನ್ಸರ್ ಹಾಕಿಸಿದ. ಹೆಸರಿಗೆ ಸೈಲೆನ್ಸರ್, ಸದ್ದು ಸಿಡಿಲಿನದು. ಮಾರನೆಯ ವಾರ ಮೇಲಿನ ಮನೆಯ ಟೈಲರಮ್ಮ, ಗಂಡನಿಲ್ಲದೆ ಹೊಲಿಗೆ ಮಷೀನನ್ನೇ ನಂಬಿ ಬದುಕಿದ ಗಟ್ಟಿ ಹೆಂಗಸು, ಮೆಟ್ಟಿಲಲ್ಲಿ ಅವನನ್ನು ತಡೆದಳು.

“ಅಣ್ಣ, ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ನಿಮ್ಮ ಗಾಡಿಗೆ.”

“ಯಾಕಮ್ಮ, ಸದ್ದು ಜಾಸ್ತಿ ಆಯ್ತಾ?”

“ನನ್ನ ಕಿವಿಗೆ ಏನಾಗುತ್ತೆ, ಮಷೀನು ತುಳಿದು ತುಳಿದು ಕಲ್ಲಾಗಿದೆ. ನಿಮ್ಮ ಮನೆಯವರನ್ನ ಕೇಳಿ. ನೀವು ಕೆಳಗೆ ಗಾಡಿ ಶುರು ಮಾಡಿದ್ರೆ ಅವರು ಮೇಲೆ ಗೋಡೆ ಹಿಡ್ಕೊಂಡು ಕೂತ್ಬಿಡ್ತಾರೆ. ಮೊನ್ನೆ ನಾನೇ ಬಂದು ಮಲಗಿಸಿದ್ದು.”

ಅವನು ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಒಳಗೆ ಹೋಗಿ ಕೇಳಿದ: “ಹೌದೇನೇ?”

“ಏನೋ ಸ್ವಲ್ಪ.”

“ನಂಗ್ಯಾಕೆ ಹೇಳಲಿಲ್ಲ?”

“ಹೇಳೋಕೆ ನೀವು ಮೇಲಿದ್ರೆ ತಾನೆ?”

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವತ್ತೇ ಹಳೆಯ ಸೈಲೆನ್ಸರ್ ಮರಳಿ ಕೂರಿಸಿದ. ಅಷ್ಟಕ್ಕೇ ನಿಲ್ಲದೆ ಬೈಕನ್ನೇ ಮಾರಲು ಹೊರಟ.

ನೋಡಲು ಬಂದವರು ಹೊಸದಾಗಿ ಮದುವೆಯಾದ ಜೋಡಿ. ಹುಡುಗ ಇಂಜಿನ್ನಿನ ಸದ್ದು ಕೇಳುತ್ತಿದ್ದರೆ ಹುಡುಗಿ ಹಿಂದಿನ ಸೀಟು ಹತ್ತಿ, ಹಿಡಿಕೆ ಹಿಡಿದು, ಕಾಲು ಚಾಚಿ ನಕ್ಕಳು. ಅವನು ತಲೆ ಎತ್ತಿ ನೋಡಿದ. ಕಿಟಕಿಯ ಪರದೆ ಸರಿದಿತ್ತು. ಹೆಂಡತಿ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು.

“ಬೇಜಾರು ಮಾಡ್ಕೋಬೇಡಿ ಮಕ್ಳೇ, ಇದು ಮಾರಾಟಕ್ಕಿಲ್ಲ” ಎಂದಳು. ಜೋಡಿ ಮುಖಮುಖ ನೋಡಿಕೊಂಡು ಹೊರಟುಹೋಯಿತು.

“ನಿನಗೋಸ್ಕರ ತಾನೆ ಮಾರ್ತಿರೋದು” ಎಂದ ಅವನು.

“ಅದಕ್ಕೇ ಬೇಡ ಅಂದಿದ್ದು. ನೀವು ಮಾರಿಬಿಟ್ಟು ದಿನಾ ನನ್ನೆದುರು ಕೂತ್ರೆ, ಇವಳಿಂದ ಹೋಯ್ತು ಅನ್ನೋದು ನಿಮ್ಮ ಬಾಯಲ್ಲಿ ಬರದೇ ಇರಬಹುದು. ನನ್ನ ತಲೇಲಿ ಬರುತ್ತೆ. ಇರೋ ತಲೆಸುತ್ತೇ ಸಾಕು, ಆ ಭಾರ ಬೇರೆ ಬೇಡ. ನೀವು ಓಡಿಸ್ಬೇಕು.”

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೆಂಡತಿಯ ಸಮಾಧಾನಕ್ಕಾಗಿ ಪ್ರತಿ ಭಾನುವಾರ ಹೆಲ್ಮೆಟ್ ಹಿಡಿದು ಹೊರಡುವುದು ಶುರುವಾಯಿತು. ಆದರೆ ಹೋಗುತ್ತಿದ್ದದ್ದು ಎಲ್ಲಿಗೆ? ಊರಾಚೆಯ ಪೆಟ್ರೋಲ್ ಬಂಕಿನವರೆಗೆ. ಅಲ್ಲಿ ಬೈಕು ನಿಲ್ಲಿಸಿ, ಗಾಳಿ ತುಂಬುವ ಯಂತ್ರದ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದ. ಒಂದು ಕಾಫಿ, ಮತ್ತೊಂದು ಕಾಫಿ. ಹೆದ್ದಾರಿಯಲ್ಲಿ ಹೋಗುವ ಲಾರಿಗಳನ್ನು ನೋಡುವುದು. ಬಂಕಿನ ಹುಡುಗಿ ಮೊದಲು “ಗಾಡಿ ಕೆಟ್ಟಿದ್ಯಾ ಸಾರ್?” ಎಂದು ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಮನೆಗೆ ಹೋದರೆ ನಾಚಿಕೆಯಾಗದಷ್ಟು ಹೊತ್ತು ಕಳೆದ ಮೇಲೆ ಎದ್ದು ಬರುತ್ತಿದ್ದ. ಹಿಂದಿನ ಸೀಟು ಖಾಲಿಯಿದ್ದ ಬೈಕಿನ ಮೇಲೆ ದೂರ ಹೋಗಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ.

“ಎಲ್ಲಿವರೆಗೆ ಹೋಗಿದ್ರಿ?” ಎಂದು ಅವಳು ಕೇಳುವಳು.

“ಕೆರೆ ಕಡೆ.”

“ರಸ್ತೆ ಹೇಗಿತ್ತು?”

“ಚೆನ್ನಾಗಿತ್ತು.”

ಹೀಗೆಯೇ ಒಂದು ಭಾನುವಾರ ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಅವಳು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ಒದ್ದೆ ಬಟ್ಟೆ ಹಿಡಿದು ಕೂತಿದ್ದಳು. ಜೊತೆಗೆ ತಿರುಗುವ ಕಾಲದಲ್ಲಿ ಅದರ ಗಾಜಿಗೆ ಅಂಟಿದ ಹುಳ ಒರೆಸುವುದು ಅವಳ ಕೆಲಸವಾಗಿತ್ತು.

“ಎಷ್ಟು ದೂರ ಹೋಗಿದ್ರಿ ಅಂದ್ರಿ?”

“ಗುಡ್ಡದ ತನಕ.”

“ಗುಡ್ಡದ ತನಕ ಹೋಗಿ ಬಂದ್ರೂ ಗಾಜಿನ ಮೇಲೆ ಒಂದು ಹುಳಾನೂ ಸತ್ತಿಲ್ಲ. ಈಗಿನ ಹುಳಗಳಿಗೆ ಬುದ್ಧಿ ಬಂದಿರಬೇಕು.”

ಅವನು ತಲೆ ತಗ್ಗಿಸಿದ. ಅವಳು ನಗಬೇಕೆಂದು ಹೊರಟವಳು ಅರ್ಧದಲ್ಲೇ ಅತ್ತಳು. ಬಂಕು, ಬೆಂಚು, ಎರಡು ಕಾಫಿ, ಎಲ್ಲವನ್ನೂ ಅವನು ತಡವರಿಸುತ್ತ ಹೇಳಿದ. ಮದುವೆಯಾದಾಗಿನಿಂದ ಅಷ್ಟು ಉದ್ದದ ಮಾತನ್ನು ಅವನು ಆಡಿದ್ದೇ ಇಲ್ಲ.

“ಅಯ್ಯೋ ಪೆದ್ದು” ಎಂದಳು ಮೂಗು ಒರೆಸಿಕೊಂಡು. “ನೀವು ಖುಷಿಯಾಗಿ ತಿರುಗ್ತಿದೀರ ಅಂದ್ಕೊಂಡು ನಾನಿಲ್ಲಿ ಒಬ್ಬಳೇ ಕೂತಿದ್ದೆ. ಅಲ್ಲಿ ನೀವೂ ಒಬ್ರೇ ಕೂತಿದ್ರಾ? ಇದ್ಯಾವ ನ್ಯಾಯ? ಒಬ್ಬರಾದ್ರೂ ಎಲ್ಲಾದ್ರೂ ಹೋಗ್ಬೇಕಲ್ಲ!”

ಆ ವಾರ ಅವನು ಮೆಕ್ಯಾನಿಕ್ಕಿನ ಬಳಿ ಹೋದ. “ಆ ತಿರುಪು ಸಡಿಲ ಮಾಡಿಬಿಡಪ್ಪ” ಎಂದ. ಮೆಕ್ಯಾನಿಕ್ ಕೂತು ತಿರುವಿದ. ಬೈಕಿನ ಹಿಂಭಾಗ ಒಂದಿಷ್ಟು ತಗ್ಗಿತು. ಕಣ್ಣಿಗೆ ಕಾಣುವಷ್ಟೂ ಅಲ್ಲ. ಆದರೂ ಅವನು ಗ್ಯಾರೇಜಿನ ಬಾಗಿಲಿಗೆ ಬೆನ್ನು ಹಾಕಿ ರಸ್ತೆ ನೋಡುತ್ತ ನಿಂತುಕೊಂಡ.

ಮುಂದಿನ ಭಾನುವಾರ ನಿಜವಾಗಿಯೂ ಗುಡ್ಡದ ದಾರಿ ಹಿಡಿದ. ಬೈಕು ರಸ್ತೆಗೆ ಅಂಟಿಕೊಂಡಂತೆ ಹೋಯಿತು. ತಿರುವಿನಲ್ಲಿ ವಾಲಿದರೆ ಮೆತ್ತಗೆ ವಾಲಿತು, ಎದ್ದರೆ ಮೆತ್ತಗೆ ಎದ್ದಿತು. ಇದು ಇಷ್ಟು ಚೆನ್ನಾಗಿದೆಯೆಂದು ಅವನಿಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾದದ್ದಕ್ಕೆ ಸಂತೋಷವಾಯಿತು, ಆ ಸಂತೋಷಕ್ಕೆ ಸಂಕಟವೂ ಆಯಿತು. ಮೇಲೆ ತಲುಪಿದಾಗ ಕಣಿವೆಯ ತುಂಬ ಮಂಜು ಹತ್ತಿ ತುಂಬಿದಂತೆ ಕೂತಿತ್ತು. ಒಂದು ವಿದ್ಯುತ್ ಕಂಬದ ತುದಿ ಮಾತ್ರ ಹೊರಗೆ ಕಾಣುತ್ತಿತ್ತು, ಅದರ ಮೇಲೊಂದು ಕಾಗೆ. ಸಮುದ್ರದ ನಡುವೆ ದೋಣಿ ಕಳೆದುಕೊಂಡವನ ಹಾಗಿದೆ ಎಂದು ಅವನಿಗೆ ಅನಿಸಿತು. ಹಾಗೆ ಏನಾದರೂ ಅನಿಸುವ ಅಭ್ಯಾಸ ಅವನಿಗಿರಲಿಲ್ಲ. ಇದನ್ನು ಅವಳಿಗೆ ಹೇಳಬೇಕು ಎಂದು ಆ ಮಾತನ್ನು ಎರಡು ಮೂರು ಸಲ ಬಾಯಲ್ಲೇ ಉರುಹೊಡೆದ.

ಅಲ್ಲೇ ನಿಂತಿದ್ದ ಮಧ್ಯವಯಸ್ಸಿನ ಬೈಕಿನ ಜೋಡಿಯೊಂದು ಫೋನು ಕೊಟ್ಟು ಫೋಟೋ ತೆಗೆಯಲು ಕೇಳಿತು. ತೆಗೆದುಕೊಟ್ಟ.

“ಒಬ್ರೇ ಬಂದಿದೀರಾ?” ಎಂದಳು ಆ ಹೆಂಗಸು.

“ಹೂಂ” ಎಂದ. ಸ್ವಲ್ಪ ತಡೆದು, “ಮನೇಲಿ ಇದ್ದಾರೆ” ಎಂದು ಸೇರಿಸಿದ. ಅವರಿಗೆ ಅದು ಅರ್ಥವಾಗಲಿಲ್ಲ, ನಕ್ಕು ತಲೆಯಾಡಿಸಿದರು.

ದಾರಿಯುದ್ದಕ್ಕೂ ಕಾಗೆಯ ಮಾತನ್ನು ಕಾಪಾಡಿಕೊಂಡು ಮನೆಗೆ ಬಂದರೆ ಬಾಗಿಲಿಗೆ ಬೀಗ. ತನ್ನ ಕೀಲಿಯಿಂದ ತೆಗೆದು ಒಳಗೆ ಹೋದ. ಪರದೆ ಪೂರ್ತಿ ಸರಿದಿತ್ತು, ಸೋಫಾದ ಮೇಲೆ ಬಿಸಿಲು ಬಿದ್ದಿತ್ತು. ಮೇಲಿನ ಮನೆಯಿಂದ ಹೊಲಿಗೆ ಮಷೀನಿನ ಸದ್ದು, ಅದು ನಿಂತಾಗ ಹೆಂಡತಿಯ ನಗು ಕೇಳಿಸಿತು. ಜೋರು ನಗು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಮೇಲೆ ಹೋಗೋಣ ಎಂದು ಮೆಟ್ಟಿಲವರೆಗೆ ಹೋದವನು ವಾಪಸು ಬಂದ. ತಾನು ಹೋದರೆ ಅದು ನಿಂತುಹೋಗಬಹುದು ಎಂಬ ಅಂಜಿಕೆ. ಸಾರು ಬಿಸಿ ಮಾಡಿ ಒಬ್ಬನೇ ಊಟ ಮಾಡಿದ. ತಟ್ಟೆ ತೊಳೆದ. ಸೋಫಾದ ಇನ್ನೊಂದು ಮೂಲೆಯಲ್ಲಿ, ಅವಳು ಕೂರುವ ಜಾಗ ಬಿಟ್ಟು, ಕೂತುಕೊಂಡ. ಮೇಲೆ ಮಷೀನು ಓಡುತ್ತಿತ್ತು, ನಿಲ್ಲುತ್ತಿತ್ತು.

ಬಿಸಿಲು ಗೋಡೆ ಹತ್ತಿದ ಮೇಲೆ ಅವಳು ಕಂಬಿ ಹಿಡಿದು ಇಳಿದು ಬಂದಳು. ಕೂದಲಲ್ಲಿ ದಾರದ ಎಳೆಗಳು ಅಂಟಿದ್ದವು.

“ಬಂದ್ರಾ? ರೀ, ಇವತ್ತು ಏನಾಯ್ತು ಗೊತ್ತಾ? ಟೈಲರಮ್ಮನ ಫೋನಿಗೆ ಗಿರಾಕಿಗಳು ಒಂದೇ ಸಮ ಬಡ್ಕೋತಿದ್ರು. ನಾನೇ ಬಲಗಿವಿಗಿಟ್ಟು ಮಾತಾಡಿದೆ. ಒಬ್ಬಳಂತೂ…”

ಅವಳು ಕೂತು ಹೇಳತೊಡಗಿದಳು. ಕೈ ಆಡಿಸುತ್ತ, ಗಿರಾಕಿಗಳ ಧ್ವನಿಯನ್ನು ಅಣಕಿಸುತ್ತ, ಒಂದಕ್ಕೊಂದು ಪೋಣಿಸುತ್ತ ಹೇಳಿದಳು. ನಾಳೆಯಿಂದ ದಿನಾ ಮಧ್ಯಾಹ್ನ ಬಾ ಎಂದಿದ್ದಾಳಂತೆ ಟೈಲರಮ್ಮ. ಅವನು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಅವಳ ಮಾತು ನಿಲ್ಲಲಿಲ್ಲ, ರಸ್ತೆ ಹೇಗಿತ್ತೆಂದು ಅವಳು ಕೇಳಲೂ ಇಲ್ಲ. ಮಂಜು, ಕಂಬ, ಕಾಗೆ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಅವನು ಬಾಯಿ ಮುಚ್ಚಿ, ಕೈಚಾಚಿ ಅವಳ ಕೂದಲಿಂದ ಒಂದು ಕೆಂಪು ದಾರವನ್ನು ತೆಗೆದ.

“ಆಮೇಲೆ?” ಎಂದ.