ಸೆರಗಿನ ಸೊಪ್ಪು ಹಳ್ಳಕ್ಕೆ

"ಏನ್ರಮ್ಮಾ, ಸೊಪ್ಪಿಗೆ ಬಂದ್ರಾ?"

ಬಂಡೆಯ ಮೇಲೆ ಕೂತು ಮೇಕೆ ಕಾಯುತ್ತಿದ್ದ ಯಜಮಾನರೊಬ್ಬರು ಹೀಗೆ ಕೇಳಿದಾಗಲೇ ನಾನು ಗೆಳತಿ ಸಾಕಮ್ಮನ ಸೆರಗು ನೋಡಿದ್ದು. ಅಕ್ಕೂರಿನಿಂದ ಬಸ್ಸು ಹಿಡಿದು ಬಂದು, ಬೇಸಿಗೆಯಲ್ಲೂ ಸ್ವಲ್ಪ ನೀರಿದ್ದ ಹಳ್ಳದ ಪಕ್ಕದಲ್ಲೇ ಇಬ್ಬರೂ ಬೆಟ್ಟ ಹತ್ತುತ್ತಿದ್ದೆವು. ದಾರಿಯಲ್ಲೊಂದು ಹಿಪ್ಪುನೇರಳೆ ಮರ ಸಿಕ್ಕಿತ್ತು. ಮಾತಾಡುತ್ತಾ ಮಾತಾಡುತ್ತಾ ಅವಳ ಕೈ ಎಲೆ ಕಿತ್ತು ಸೆರಗು ತುಂಬಿಸಿತ್ತು. ರೇಷ್ಮೆಗೂಡೆಲ್ಲ ಮಾರ್ಕೆಟ್ಟಿನಲ್ಲಿ ಮಾರಾಟವಾಗಿ, ಮನೆಯಲ್ಲಿ ಸೊಪ್ಪು ತಿನ್ನಲು ಒಂದು ಹುಳುವೂ ಇಲ್ಲವೆಂದೇ ನಾವು ಹೊರಟಿದ್ದು. ಕೈಗೆ ಅದು ಗೊತ್ತಿರಲಿಲ್ಲ.

"ಸೊಪ್ಪಿಗಲ್ಲ, ಬೆಟ್ಟ ನೋಡಕ್ಕೆ" ಎಂದೆ.

ಅವರು ನಕ್ಕರು. "ಹೆಂಗಸ್ರು ಸುಮ್‌ಸುಮ್ಕೆ ಬೆಟ್ಟ ಹತ್ತಾರಾ? ಮನೇಲಿ ಹೇಳೋರು ಕೇಳೋರು ಇಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗರು ಬೈಕ್ ನಿಲ್ಲಿಸಿ ಇದೇ ಬೆಟ್ಟ ಹತ್ತಿ, ಸೆಲ್ಫಿ ತೆಗೆದುಕೊಂಡು ಇಳಿದರೆ ಯಾರೂ ಏನೂ ಕೇಳುವುದಿಲ್ಲ. ನಾವು ಹತ್ತಿದರೆ ಮಾತ್ರ ಕೈಯಲ್ಲಿ ಸೊಪ್ಪೋ ಸೌದೆಯೋ ಇರಲೇಬೇಕು. ಸೆರಗು ತೋರಿಸಿ "ಹೂಂ, ಸೊಪ್ಪಿಗೇ" ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸಾಕಮ್ಮ ಸೆರಗು ಬಿಚ್ಚಿ ಅಷ್ಟೂ ಸೊಪ್ಪನ್ನು ಹಳ್ಳಕ್ಕೆ ಕೊಡವಿದಳು.

"ಸುಮ್ಕೇ ಬಂದಿದೀವಿ ಕಣಣ್ಣ. ಬೆಟ್ಟ ಐತೆ, ನಮ್ಗೂ ಕಾಲು ಐತೆ."

ತುದಿಯವರೆಗೂ ಹತ್ತಿಯೇ ಇಳಿದೆವು. ಈಗ ಮನೆಯಲ್ಲಿ ಮತ್ತೆ ಹುಳು ಇದೆ, ಹೊತ್ತುಹೊತ್ತಿಗೆ ಸೊಪ್ಪು ಹಾಕುತ್ತಿದ್ದೇನೆ. ಈ ಗೂಡು ಮಾರಿದ ಮೇಲೆ ಇನ್ನೊಂದು ಬೆಟ್ಟಕ್ಕೆ ಹೋಗುತ್ತೇವೆಂದು ಮನೆಯವರಿಗೆ ಹೇಳಿದೆ. ಯಾಕೆ ಎಂದರು. ಸುಮ್ಮನೆ ಎಂದೆ.