ನಿದ್ದೆಗೂ ಚೀಟಿಯಿದ್ದ ಊರು

ಮೈದಾ ಅಂಟು ಕಾಯಿಸುವಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಪಕ್ಕದ ಮನೆಯ ಹುಡುಗಿ ರಟ್ಟು ಕಿತ್ತುಹೋದ ದಪ್ಪ ಕಾದಂಬರಿಯೊಂದನ್ನು ಅಂಟಿಸಿಕೊಡಿ ಎಂದು ತಂದಿದ್ದಳು. ಮುಂದೆಂದೋ ಬರಲಿರುವ ಕೆಟ್ಟ ಕಾಲದ ಕಥೆಯಂತೆ. ಅವಳ ವಯಸ್ಸಿನವರೆಲ್ಲ ಓದುತ್ತಾರಂತೆ. ಅಂಟಿಸುತ್ತ ಕೂತವಳು, ಅಂಥದೊಂದು ಕಥೆ ನಮ್ಮ ಬೀದಿಯಲ್ಲೂ ಹುಟ್ಟಿತ್ತು ಎಂದು ಅವಳಿಗೆ ಹೇಳತೊಡಗಿದೆ.

ಎರಡನೇ ಮಹಾಯುದ್ಧ ಮುಗಿದಿದ್ದರೂ ರೇಷನ್ ಮುಗಿಯದ ದಿನಗಳು. ಚಾಮರಾಜಪೇಟೆಯ ನಾವು ಹುಡುಗಿಯರು ಒಂದು ಕೈಬರಹದ ಮಾಸಪತ್ರಿಕೆ ನಡೆಸುತ್ತಿದ್ದೆವು. ಇದ್ದದ್ದು ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗುತ್ತಿತ್ತು. ಕಥೆ ಕಟ್ಟುವುದು ನನಗೆ ಬಾರದು, ಅಕ್ಷರ ದುಂಡಗಿತ್ತು. ಹಾಗಾಗಿ ಎಲ್ಲರದನ್ನೂ ನಾನೇ ಪ್ರತಿ ಮಾಡುತ್ತಿದ್ದೆ. ಆಮೇಲೆ ಕರಡನ್ನು ಬಚ್ಚಲ ಒಲೆಗೆ ಹಾಕುವುದು ಪದ್ಧತಿ. ಅಕ್ಷರ ಚೆನ್ನಾಗಿದ್ದರೆ ಬುದ್ಧಿಯೂ ಇದೆಯೆಂದು ಜನ ನಂಬುತ್ತಾರೆ; ನಾನೂ ನಂಬಿದ್ದೆ.

ಕಾಟನ್‌ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರ ಮಗಳು, ನನ್ನ ಗೆಳತಿ ಗೌರಿ, ತಿಂಗಳಿಗೊಂದು ಅಧ್ಯಾಯದಂತೆ ಕಾದಂಬರಿ ಬರೆಯುತ್ತಿದ್ದಳು. ನೂರು ವರ್ಷ ಮುಂದಿನ ಊರು. ಅಲ್ಲಿ ಅಕ್ಕಿ, ಸೀಮೆಎಣ್ಣೆ ಧಾರಾಳ; ನಿದ್ದೆ ಮಾತ್ರ ಚೀಟಿಯ ಮೇಲೆ. ಕನಸು ಬಿದ್ದರೆ ಚೀಟಿಗೊಂದು ತೂತು. ಜನ ಕಣ್ಣು ತೆರೆದುಕೊಂಡೇ, ನೀರೊಳಗೆ ನಡೆದಂತೆ ನಡೆಯುತ್ತಾರೆ. ಪ್ರತಿ ಮಾಡುತ್ತ ನಾನೂ ತೇಲುತ್ತಿದ್ದೆ. ಅಮ್ಮ ಊಟಕ್ಕೆ ಕರೆದರೆ ಯಾವ ಊರಿನಿಂದ ಎದ್ದು ಬರಬೇಕೆಂದು ತಿಳಿಯುತ್ತಿರಲಿಲ್ಲ.

ಕೊನೆಯ ಅಧ್ಯಾಯದಲ್ಲಿ ನಾಯಕಿ ಚೀಟಿ ಹರಿದು, ಮನೆಯಲ್ಲಿ ಹೇಳದೆ ಊರ ಗಡಿ ದಾಟುತ್ತಾಳೆ. ಅಷ್ಟರಲ್ಲಿ ಗೌರಿಗೆ ಬಸವನಗುಡಿಯಿಂದ ಸಂಬಂಧ ಬಂದಿತ್ತು. ಹುಡುಗಿ ಬರೆಯುತ್ತಾಳೆಂದು ಗೊತ್ತಾಗಿ, ಗಂಡಿನ ಮನೆಯವರು ಈ ಸಂಚಿಕೆಯನ್ನು ಮೊದಲು ತಮಗೆ ಕಳಿಸಲು ಹೇಳಿದ್ದರು. ಕರಡು ಓದಿದ್ದ ಗೌರಿಯ ಸೋದರತ್ತೆ ನೀಲಮ್ಮ ನನ್ನನ್ನು ಹುಡುಕಿಕೊಂಡು ಬಂದರು.

"ಕೊನೇದು ಸ್ವಲ್ಪ ತಿದ್ದಮ್ಮ. ಮನೆ ಬಿಟ್ಟೋಗೋ ಹುಡ್ಗಿ ಕಥೆ ಓದಿ ಅವ್ರೇನ್ ಅಂದ್ಕೋತಾರೆ? ನಿನ್ ಗೆಳತಿ ಚೆನ್ನಾಗಿರೋದು ಬೇಡ್ವಾ?"

ಬೇಕಿತ್ತು. ಗೌರಿಯನ್ನು ಒಂದು ಮಾತೂ ಕೇಳಲಿಲ್ಲ. ನಾಯಕಿ ಗಡಿಯಿಂದ ಹಿಂತಿರುಗಿ, ತಲೆ ತಗ್ಗಿಸಿ ಹೊಸ ಚೀಟಿ ಪಡೆದಳೆಂದು ಬರೆದೆ. ಕರಡು ಒಲೆಗೆ ಹೋಯಿತು. ಬಸವನಗುಡಿಯವರು ಓದಿ, ಹುಡುಗಿಗೆ ಮನೆಗೆ ಮರಳುವ ಬುದ್ಧಿಯಿದೆ ಎಂದು ಮೆಚ್ಚಿ, ಸಂಬಂಧ ಒಪ್ಪಿಕೊಂಡರು.

ಪತ್ರಿಕೆ ಗೌರಿಯ ಕೈಗೆ ಬಂದದ್ದು ಆಮೇಲೆ. ನಮ್ಮ ಜಗಲಿಗೆ ಬಂದು ನಿಂತಳು, ಕೂರಲಿಲ್ಲ.

"ಅಪ್ಪಾಜಿ ಮುಂದೆ ಬೇಡ ಅನ್ನೋಕೆ ನಂಗೆ ಬಾಯಿಲ್ಲ ಕಣೇ. ಅದನ್ನ ಓದಿ ಅವ್ರೇ ಬೇಡ ಅನ್ಲಿ ಅಂತ ಬರ್ದಿದ್ದೆ."

ನಾನು ಏನೋ ಹೇಳಲು ಹೋದೆ. ಅವಳು ಹಾಳೆಯ ಮೇಲೆ ಬೆರಳಾಡಿಸಿ, "ಅಕ್ಷರ ಚೆನ್ನಾಗಿದೆ" ಎಂದಳು.

ಮದುವೆಯಾಯಿತು. ಗಂಡ ಕೆಟ್ಟವನಾಗಿರಲಿಲ್ಲ, ಅದನ್ನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸಿಕ್ಕಾಗಲೆಲ್ಲ ಗೌರಿ ಮಕ್ಕಳ ಮಾತಾಡಿದಳು, ಬೆಲೆ ಏರಿದ್ದರ ಮಾತಾಡಿದಳು. ಕಥೆಯ ಮಾತನ್ನು ಅವಳು ಸಾಯುವ ತನಕ ಇಬ್ಬರೂ ಎತ್ತಲಿಲ್ಲ.

ಪಕ್ಕದ ಮನೆಯ ಹುಡುಗಿಗೆ ಇದನ್ನೆಲ್ಲ ಹೇಳಿರಲಿಲ್ಲ, ನಿದ್ದೆಚೀಟಿಯ ಊರನ್ನಷ್ಟೇ ಹೇಳಿದ್ದೆ. ನಾಯಕಿ ಊರು ಬಿಟ್ಟಳು ಎಂದಾಗ ಅವಳು ಕೇಳಿದಳು: "ಆಮೇಲೆ ವಾಪಸ್ ಬಂದ್ಲಾ ಅಜ್ಜಿ?"

ಬಾಯಿಗೆ ಬಂದ ಉತ್ತರವನ್ನು ನುಂಗಿದೆ.

"ಇಲ್ಲ."

ಅವಳು ಹೋದ ಮೇಲೆ, ಒಲೆ ಸೇರಿದ ಆ ಪುಟದಲ್ಲಿ ನೆನಪಿದ್ದಷ್ಟನ್ನು ಒಂದು ಹಾಳೆಯಲ್ಲಿ ಬರೆದೆ: ಕೊನೆಯ ದೀಪದ ಕಂಬ ದಾಟಿದ ಮೇಲೆ ಕತ್ತಲು ಹುಲ್ಲಿನಷ್ಟು ಮೆತ್ತಗಿತ್ತು. ಅಲ್ಲೇ ಮಲಗಿದಳು. ಯಾರೂ ಎಬ್ಬಿಸಲಿಲ್ಲ.

ಕೆಳಗೆ ಗೌರಿಯ ಹೆಸರು ಬರೆದೆ.